ಪಂಬಲ್‌ಗೆ ನಾನು ಬರೆಸಿದ ಅರ್ಥ

ರಾಯಚೂರಿನಿಂದ ಗಬ್ಬೂರಿನ ಮೇಲೆ ದಿನಾ ಬಸ್ಸಿನಲ್ಲಿ ದೇವದುರ್ಗದ ಕಾಲೇಜಿಗೆ ಹೋಗಿ ಹಳಗನ್ನಡ ಪಾಠ ಮಾಡುತ್ತೇನೆ. ಬಿ.ಎ. ಮಕ್ಕಳಿಗೆ ಹಳೆಯ ಕಾವ್ಯವೆಂದರೆ ಹೆದರಿಕೆ. ‘ಪ’ ಇರುವಲ್ಲಿ ‘ಹ’ ಹಾಕಿ ಓದಿ ನೋಡಿ, ಪಾಲ್ ಹಾಲಾಗುತ್ತದೆ, ಪಸಿವು ಹಸಿವಾಗುತ್ತದೆ ಎಂದು ಹೇಳಿಕೊಡುತ್ತಿದ್ದೆ. ಪರೀಕ್ಷೆಗೆ ಬರುವ ಪದಗಳಿಗೆ ಅರ್ಥವನ್ನೂ ಬರೆಸಿಬಿಡುತ್ತಿದ್ದೆ.

ಒಮ್ಮೆ ಕಿರುಪರೀಕ್ಷೆಯಲ್ಲಿ ‘ಪಂಬಲ್’ ಕೇಳಿದ್ದೆ. ನಾನು ಬರೆಸಿದ್ದು ‘ಆಸೆ’. ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯಿಂದ ಬರುತ್ತಿದ್ದ ಕುರಿಗಾರರ ಮನೆಯ ಹುಡುಗಿ ‘ನೆನಪು’ ಎಂದು ಬರೆದಿದ್ದಳು. ಕೆಂಪು ಗೆರೆ ಎಳೆದೆ. ಅವಳು ಉತ್ತರಪತ್ರಿಕೆ ಹಿಡಿದು ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು.

“ಸರ್, ಪಂಬಲ್ ಅಂದ್ರ ಹಂಬಲ ಅಲ್ರೀ? ನಮ್ಮ ಮನ್ಯಾಗ ಹಂಬಲ ಅಂದ್ರ ನೆನಪುರೀ.”

“ಮನ್ಯಾಗಿನ ಮಾತು ಬ್ಯಾರೆ, ಕಾವ್ಯ ಬ್ಯಾರೆವಾ. ಬರೆಸಿದ್ದು ಬರಿ.”

ನಾನೂ ಮಾನ್ವಿಯಲ್ಲಿ ಬೆಳೆದವನು. ಆ ಮಾತು ನನಗೂ ಗೊತ್ತಿತ್ತು. ಆದರೂ ಹಾಗೆಂದೆ.

ದೀಪಾವಳಿ ರಜೆ ಮುಗಿದ ಮೇಲೆ ಅವಳು ಬರಲಿಲ್ಲ. ಅವಳ ತಾಯಿ ಜ್ವರದಲ್ಲಿ ತೀರಿಕೊಂಡರೆಂದು ಗೆಳತಿಯರು ಹೇಳಿದರು. ಪರೀಕ್ಷೆಯ ಹಾಲ್ ಟಿಕೆಟ್ ಬಂದಾಗ, ಅದನ್ನು ಕೊಡುವ ನೆಪದಲ್ಲಿ ಜಾಲಹಳ್ಳಿಗೆ ಹೋದೆ.

“ಬರ್ರಿ ಸರ್,” ಎಂದು ಅವಳ ತಂದೆ ಕಂಬಳಿ ಹಾಸಿದರು. ಅವಳು ಎರಡು ವರ್ಷದ ತಮ್ಮನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಾಲನ್ನ ತಿನ್ನಿಸಲು ನೋಡುತ್ತಿದ್ದಳು. ಮಗು ತುತ್ತಿಗೆ ಬಾಯಿ ತೆರೆಯಲಿಲ್ಲ. ಅಳಲೂ ಇಲ್ಲ. ಬಾಗಿಲ ಕಡೆಗೇ ನೋಡುತ್ತಿತ್ತು.

“ಕೂಸಿಗೆ ಆರಾಮಿಲ್ಲೇನ್ರೀ?” ಎಂದು ತಂದೆಯನ್ನು ಕೇಳಿದೆ.

“ಮೈಯಾಗ ಏನೂ ಇಲ್ರೀ. ಅವರವ್ವನ ಹಂಬಲ ಹಚಗೊಂಡಾನ.”

ಆಸೆ ಎಂದರೇನೆಂದು ಆ ಮಗುವಿಗೆ ತಿಳಿಯದು. ಉಣಿಸುತ್ತಿದ್ದ ಕೈ ಇದಲ್ಲ ಎಂಬುದಷ್ಟೇ ಅದಕ್ಕೆ ಗೊತ್ತಿತ್ತು. ಎಷ್ಟೋ ವರ್ಷ ಆ ಪದವನ್ನು ಪಾಠ ಮಾಡಿದ್ದೆ. ಕಣ್ಣಿಂದ ಕಂಡದ್ದು ಅವತ್ತೇ.

“ನೀ ಬರೆದಿದ್ದು ಖರೇ ಇತ್ತವಾ. ತಪ್ಪು ನಂದು,” ಎಂದೆ.

“ಇರ್ಲಿ ಬಿಡ್ರಿ ಸರ್.” ಅವಳು ತಲೆ ಎತ್ತಲಿಲ್ಲ. “ಈಗ ಕಾಲೇಜು ಆಗಂಗಿಲ್ರೀ. ಇವನ್ನ ಯಾರ ಕೈಯಾಗ ಬಿಡ್ಲಿ?”

ಹಾಲ್ ಟಿಕೆಟನ್ನು ಕಂಬಳಿಯ ಮೇಲಿಟ್ಟು ಎದ್ದೆ.

ಪರೀಕ್ಷೆಯ ದಿನ ಅವಳ ನಂಬರಿನ ಮುಂದೆ ‘ಗೈರುಹಾಜರು’ ಎಂದು ಬರೆದವನು ನಾನೇ. ಮರುವರ್ಷವೂ ಅವಳು ಬರಲಿಲ್ಲ. ಈಗ ಆ ಪದ ಬಂದಾಗ ಎರಡೂ ಅರ್ಥ ಹೇಳುತ್ತೇನೆ.

“ಪರೀಕ್ಷಾಕ್ಕ ಯಾವುದು ಬರೀಬೇಕ್ರೀ ಸರ್?” ಎಂದು ಮಕ್ಕಳು ಕೇಳುತ್ತಾರೆ.

“ನೆನಪು ಅಂತ ಬರೀರಿ,” ಎನ್ನುತ್ತೇನೆ.