ಗಡಿ ಗೇಟಿನ ಇನ್ಸ್‌ಪೆಕ್ಟರ್ ಮಾವ

ಅವರ ಬಿಳಿ ಮೀಸೆಯ ಎಡಭಾಗ ಯಾವಾಗಲೂ ನಶ್ಯದ ಬಣ್ಣಕ್ಕೆ ತಿರುಗಿರುತ್ತಿತ್ತು. ಚಳ್ಳಕೆರೆಯಲ್ಲಿ ನಮ್ಮ ಪಕ್ಕದ ಮನೆಯವರು, ತೆರಿಗೆ ಇಲಾಖೆಯ ಇನ್ಸ್‌ಪೆಕ್ಟರು. ನಾನು ಮಾವ ಎನ್ನುತ್ತಿದ್ದೆ. ಸಿಗರೇಟಿನ ತೆರಿಗೆ ಏರಿ, ಆಂಧ್ರದ ಕಡೆಯಿಂದ ಕದ್ದು ತರುವುದು ಹೆಚ್ಚಾದಾಗ ಅವರನ್ನು ರಾಂಪುರದಾಚೆಯ ಗಡಿ ಗೇಟಿಗೆ ಹಾಕಿದರು. ತಂಬಾಕು ಹಿಡಿಯಬೇಕಾದವರ ಮೂಗನ್ನು ತಂಬಾಕೇ ಕೆಡಿಸಿತ್ತು.

"ಸಾರು ಸೀದ್ರೂ ಇವ್ರಿಗೆ ಗೊತ್ತಾಗಲ್ಲ, ಸಿಗರೇಟು ಏನ್ ಹಿಡೀತಾರೋ," ಎಂದು ಅವರ ಹೆಂಡತಿ, ನಮ್ಮ ಅತ್ತೆ, ನಗುತ್ತಿದ್ದರು.

"ಅದಕ್ಕೇ ಕಣೇ ನೀನು ಮಾಡಿದ್ದೆಲ್ಲ ಉಣ್ತೀನಿ," ಎನ್ನುತ್ತಿದ್ದರು ಮಾವ.

ಎಂ.ಎ. ಮುಗಿಸಿ ಎಲ್ಲವನ್ನೂ ಅನುಮಾನಿಸುವುದು ಕಲಿತು ಬಂದಿದ್ದ ನಾನು ಒಮ್ಮೆ ಕೆಣಕಿದೆ: "ತೆರಿಗೆ ಏರಿಸಿ ಕಳ್ಳದಾರಿ ತೆರೆಯೋದೂ ಸರ್ಕಾರವೇ, ಮುಚ್ಚೋಕೆ ನಿಮ್ಮನ್ನ ನಿಲ್ಲಿಸೋದೂ ಸರ್ಕಾರವೇ, ಅಲ್ವಾ ಮಾವ?"

"ಹೂಂನಪ್ಪ, ಸರಿಯಾಗೇ ಐತೆ. ನಾಳೆ ಗೇಟಿಗೆ ಬಾ, ಅಲ್ಲಿ ನಿಂತು ಹೇಳು."

ಹೋದೆ. ಸುಡುವ ಬಿಸಿಲು ನೆನಪಿದೆ. ಅದು ಆ ದಿನದ್ದೇ ಎಂದು ಆಣೆ ಮಾಡಲಾರೆ. ಮಧ್ಯಾಹ್ನ ಒಂದು ಮೆಟಡೋರ್ ಬಂತು. ಹಿಂದೆ ಕರಿ ಕಂಬಳಿ ಹಾಸಿ, ಅರಿಶಿನದ ಭಂಡಾರ ಚೆಲ್ಲಿ, ಮೇಲೆ ತೆಂಗಿನಕಾಯಿ ಇಟ್ಟಿದ್ದರು. ಮುಂದಿನ ಸೀಟಿನಿಂದ ಇಳಿದವರು ಅತ್ತೆಯ ಸ್ವಂತ ತಮ್ಮ. ಕುರಿ, ಕಂಬಳಿ ವ್ಯಾಪಾರದವರು.

"ದೇವ್ರ ಗದ್ದುಗೆ ಐತೆ ಭಾವ. ಮುಟ್ಟಂಗಿಲ್ಲ," ಎಂದರು.

ಅವರ ಹಟ್ಟಿಗಳಲ್ಲಿ ಹಾಗೆ ಹಾಸಿದ ಕಂಬಳಿ ದೇವರ ಪೀಠ, ಕಾಲು ಸೋಕುವಂತಿಲ್ಲ. ಹತ್ತಲು ಹೋದ ಪೊಲೀಸಿನವನು ಹಿಂದೆ ಸರಿದ. ಮಾವ ಹುಟ್ಟಿದ್ದೂ ಅಂಥದೇ ಹಟ್ಟಿಯಲ್ಲಿ. ಬೂಟು ಕಳಚಿ, ಕೈಮುಗಿದು, ಗಾಡಿ ಹತ್ತಿದರು. ಅವರು ಬೂಟು ಹಾಕುತ್ತಲೇ ಇರಲಿಲ್ಲ, ಚಪ್ಪಲಿ ಎಂದು ಅತ್ತೆ ಆಮೇಲೆ ತಿದ್ದಿದ್ದುಂಟು. ಬರಿಗಾಲಲ್ಲಿ ಹತ್ತಿದ್ದಂತೂ ನಿಜ.

"ಗದ್ದುಗೆ ನೆಲದ ಮೇಲೆ ಹಾಸ್ತಾರೆ, ಪೂಜೆ ಮುಗಿದ್ಮೇಲೆ ಎತ್ತಿ ಮಡಚ್ತಾರೆ. ಓಡೋ ಗಾಡಿನಾಗೆ ಯಾವ ದೇವ್ರು ಕೂರ್ತದಲೇ?"

ಅತ್ತೆಯ ತಮ್ಮ ದನಿ ತಗ್ಗಿಸಿದರು. "ಬಿಚ್ಚಿದ್ರೆ ನಿಮ್ಮ ಹೊಸಿಲು ನಾನು ತುಳಿಯಲ್ಲ. ಅಕ್ಕಂಗೆ ತವರು ಇಲ್ಲ ಅಂದ್ಕೊಳ್ರಿ."

ಮಾವ ಕಾಯಿ ಎತ್ತಿ ಅತ್ತೆಯ ತಮ್ಮನ ಕೈಗೆ ಕೊಟ್ಟರು. ಕಂಬಳಿ ಎತ್ತಿದರು. ಕೆಳಗೆಲ್ಲ ಸಿಗರೇಟಿನ ರಟ್ಟಿನ ಪೆಟ್ಟಿಗೆಗಳು. ಅವನ್ನು ಇಳಿಸಲು ಹೇಳುವ ಮೊದಲು ಕಂಬಳಿ ಕೊಡವಿ, ಅಂಚಿಗೆ ಅಂಚು ಸೇರಿಸಿ ಮಡಚಿ, ಅದನ್ನೂ ಕೊಟ್ಟರು.

ಅತ್ತೆಯ ತಮ್ಮ ಹೇಳಿದಂತೆಯೇ ನಡೆದುಕೊಂಡರು. ಪಂಚಮಿಗೆ ಅತ್ತೆಯನ್ನು ಕರೆಯಲು ಯಾರೂ ಬರಲಿಲ್ಲ. ಊಟಕ್ಕೆ ಬಡಿಸುತ್ತ ಅತ್ತೆ ಒಂದು ದಿನ ಅಂದರು: "ಬೇರೆ ಯಾರ ಕೈಲಾದ್ರೂ ಬಿಚ್ಚಿಸಬೋದಿತ್ತು."

"ಬೇರೇರು ಬೂಟುಗಾಲಾಗೆ ಹತ್ತೋರು," ಎಂದರು ಮಾವ, ತಲೆ ಎತ್ತದೆ.

ಸರ್ಕಾರದ ಬಗ್ಗೆ ನನ್ನ ವಾದ ಈಗಲೂ ಸರಿಯೆನಿಸುತ್ತದೆ. ಆದರೆ ವಾದ ಗೆದ್ದೆ ಅಂದುಕೊಂಡಾಗಲೆಲ್ಲ ಆ ಮಾತು ಕೇಳಿಸಿ ತಣ್ಣಗಾಗುತ್ತೇನೆ. ಅಷ್ಟು ಅವರ ಋಣ.

ನಿವೃತ್ತರಾಗಿ ಕೆಲವು ವರ್ಷಕ್ಕೆ ಮಾವ ತೀರಿಕೊಂಡರು. ಮಣ್ಣು ಮುಗಿಸಿ ಬಂದ ಸಂಜೆ ಅತ್ತೆಯ ತಮ್ಮ ಬಂದರು. ಒಳಗೆ ಬರಲಿಲ್ಲ, ಹೊರಗಿನ ಕಟ್ಟೆಯ ಮೇಲೆ ಕೂತರು. ನೆಂಟರು ಕರೆದು ಕರೆದು ಸೋತರು. ಕೊನೆಗೆ ಅತ್ತೆಯೇ ಎದ್ದು, ಹೊಸಿಲು ದಾಟಿ ಹೊರಗೆ ಬಂದು, ತಮ್ಮನ ಪಕ್ಕ ಕೂತರು.