ಗುಳಿಗೆ ಡಾಕ್ಟರು ‘ಬೇಡ’ ಅಂದದ್ದು

ಲಾಂಡ್ರಿಯ ಮೇಲಿನ ಮಹಡಿಯಲ್ಲಿ ದವಾಖಾನೆ ಇಟ್ಟಿದ್ದ ಹೋಮಿಯೋಪತಿ ವೈದ್ಯರನ್ನು ಬೀದಿಯವರೆಲ್ಲ ಗುಳಿಗೆ ಡಾಕ್ಟರು ಎಂದೇ ಕರೆಯುತ್ತಿದ್ದರು. ಗೋಡೆಯುದ್ದಕ್ಕೂ ಬೆರಳುದ್ದದ ಸೀಸೆಗಳು, ಮೂಗಿಗೆ ಹತ್ತುವ ಸ್ಪಿರಿಟ್ಟಿನ ವಾಸನೆ, ಕೂತರೆ ಕಿರ್ರೆನ್ನುವ ಒಂದು ಬೆಂಚು. ಅವರೇನೂ ಮೋಸಗಾರರಲ್ಲ. ಜ್ವರ ಬಂದರೆ ತಾವೂ ಅದೇ ಗುಳಿಗೆ ನುಂಗುತ್ತಿದ್ದರು. ಅವರ ನಿಜವಾದ ಬಂಡವಾಳ ಕಿವಿ. ಯಾವ ಮಗ್ಗುಲಿಗೆ ಮಲಗ್ತೀರಿ, ಗುಡುಗಿಗೆ ಹೆದರ್ತೀರಾ, ಬೈಸಿಕೊಂಡರೆ ಅಳ್ತೀರೋ ಸಿಟ್ಟಾಗ್ತೀರೋ ಎಂದು ಒಂದೊಂದನ್ನೇ ಕೇಳಿ, ಹೇಳಿದ್ದನ್ನೆಲ್ಲ ಸಾವಧಾನವಾಗಿ ಕೇಳಿಸಿಕೊಳ್ಳುವರು.

“ನಾನೂ ಒಂದು ಚೀಟಿ ತಗೊಂಡು ಆ ಬೆಂಚಿನ ಮೇಲೆ ಕೂತ್ಕೋತೀನಿ, ಆಗಾದ್ರೂ ನನ್ನ ಮಾತು ನಿಮ್ಮ ಕಿವಿಗೆ ಬೀಳುತ್ತೇನೋ,” ಎಂದು ಗುಳಿಗೆ ಕಟ್ಟಿಕೊಡುವ ಹೆಂಡತಿ ಛೇಡಿಸುತ್ತಿದ್ದರು.

ಕೆಳಗಿನ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹೆಂಗಸು ಒಂದು ದಿನ ತನ್ನ ಮಗಳನ್ನು ಕರೆತಂದಳು. ಎರಡನೇ ತರಗತಿಯ ಹುಡುಗಿ. ಒಂದು ಕಡೆ ನಿಲ್ಲದ ಕಾಲು ನೋಡಿ ಮನೆಯವರೇ ಇಟ್ಟ ಹೆಸರು ಬುಗುರಿ. ಬಂದವಳೇ ಬೆಂಚು ಹತ್ತಿ ಇಳಿದು, ಸೀಸೆಯೊಂದರ ಬಿರಡೆ ಕಿತ್ತು ಮೂಸಿ, “ಇದ್ಯಾಕೆ ಹಿಂಗ್ ನಾರುತ್ತೆ? ನಿಮ್ ತಲೇಲಿ ಕೂದ್ಲು ಎಲ್ಲೋಯ್ತು?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಕಿಟಕಿಗೆ ಓಡಿದಳು.

ಶಾಲೆಯವರ ಮಾತಿನಂತೆ ತಾಯಿ ಅವಳನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದಿದ್ದಳು. ಅಲ್ಲಿನ ಮನೋವೈದ್ಯೆ, ಇದು ಗಮನ ನಿಲ್ಲದ, ಮೈ ಅತಿಯಾಗಿ ಚುರುಕಾಗುವ ತೊಂದರೆ, ಎಡಿಎಚ್‌ಡಿ ಅನ್ನುತ್ತಾರೆ ಎಂದು ವಿವರಿಸಿ, ಮಾತ್ರೆ ಬರೆದು, ಗಮನ ನಿಲ್ಲಿಸುವ ತರಬೇತಿಗೂ ಬರಹೇಳಿದ್ದರು.

“ತಲೆಗೆ ಮಾತ್ರೆ ಅಂದ್ರೆ ನನ್ನ ಕೈಕಾಲೇ ಆಡಲ್ಲ ಡಾಕ್ಟ್ರೇ. ಮಗು ಮಂಕಾಗಿಬಿಟ್ರೆ?”

“ಆ ಮಾತ್ರೆ ಬೇಡಮ್ಮ. ಆ ಕಡೆ ಹೋಗೋದೇ ಬೇಡ. ನಾನಿದ್ದೀನಲ್ಲ,” ಎಂದರು ಡಾಕ್ಟರು.

ತಾಯಿ ಮಗಳು ಮೆಟ್ಟಿಲಿಳಿದ ಮೇಲೆ ಹೆಂಡತಿ, “ಅಲ್ಲಿಗೂ ಒಂದ್ಸಲ ಹೋಗಿ ಬರಲಿ ಅನ್ನಬಹುದಿತ್ತು,” ಎಂದರು. ಡಾಕ್ಟರು ಹೂಂಗುಟ್ಟಿ ಸೀಸೆಗಳ ಕಡೆ ತಿರುಗಿದರು.

ಗುಳಿಗೆ ಶುರುವಾಯಿತು. ಬುಗುರಿ ವಾರವಾರವೂ ಬಂದು ಅವರ ಮುಂದೆ ಹರಟುತ್ತಿದ್ದಳು. ಮುಂದಿನ ವರ್ಷ ಶಾಲೆಯಿಂದ ದೂರು ಕಡಿಮೆಯಾದಾಗ ಡಾಕ್ಟರ ಮುಖ ಊರಗಲವಾಯಿತು. ಆ ವರ್ಷ ಬಂದಿದ್ದ ಹೊಸ ಟೀಚರು ಅವಳನ್ನು ಮುಂದಿನ ಬೆಂಚಿಗೆ ತಂದು, ಬೋರ್ಡು ಒರೆಸುವುದು, ಪುಸ್ತಕ ಹಂಚುವುದು ಎಂದು ಆಗಾಗ ಎಬ್ಬಿಸಿ ಓಡಾಡಿಸುತ್ತಿದ್ದ ಸಂಗತಿ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಲೆಕ್ಕಕ್ಕೆ ಹಿಡಿಯಲಿಲ್ಲ. ಆ ಟೀಚರು ವರ್ಗವಾಗಿ ಹೋದ ಮೇಲೆ ಮತ್ತೆ ಅದೇ ಹಾಡು. ಡಾಕ್ಟರು ಗುಳಿಗೆ ಬದಲಿಸಿದರು, ಶಕ್ತಿ ಹೆಚ್ಚಿಸಿದರು, ವಾಸಿಯಾಗುವ ಮುಂಚೆ ಸ್ವಲ್ಪ ಕೆರಳುವುದುಂಟು ಎಂದು ಸಮಾಧಾನ ಹೇಳಿದರು.

ಹೈಸ್ಕೂಲು ಸೇರುವ ಹೊತ್ತಿಗೆ ಬುಗುರಿ ತಾನಾಗಿಯೇ ಮೌನವಾದಳು. ಎರಡೂ ಅಂಗೈಯನ್ನು ತೊಡೆಯ ಕೆಳಗಿಟ್ಟುಕೊಂಡು ಬೆಂಚಿನ ಮೇಲೆ ಬೊಂಬೆಯಂತೆ ಕೂರತೊಡಗಿದಳು. ತಾಯಿ ಖುಷಿಯಿಂದ ಹಣ್ಣಿನ ಬುಟ್ಟಿ ತಂದುಕೊಟ್ಟಳು. ಡಾಕ್ಟರು ವೈದ್ಯರ ಸಂಘದ ಸಭೆಯಲ್ಲಿ ಈ ಕೇಸನ್ನು ವಿವರಿಸಿ ಚಪ್ಪಾಳೆ ಗಿಟ್ಟಿಸಿದರು.

ಆಗೊಮ್ಮೆ ಹುಡುಗಿ ಹೇಳಿದ್ದಳು: “ಮೈ ಸುಮ್ನಿದೆ ಡಾಕ್ಟ್ರೇ. ತಲೆ ಸುಮ್ನಿಲ್ಲ.”

“ತಲೆ ಓಡ್ತಿರ್ಬೇಕಮ್ಮ, ನಿಂತ್ರೆ ಕಷ್ಟ,” ಎಂದು ಅವರು ನಕ್ಕಿದ್ದರು. ಅವಳೂ ನಕ್ಕಳು. ಆಮೇಲೆ ಬರುವುದನ್ನು ಬಿಟ್ಟಳು.

ಮುಂದಿನದೆಲ್ಲ ಅವರಿಗೆ ಚೂರುಚೂರಾಗಿ ಕಿವಿಗೆ ಬಿತ್ತು. ಕಾಲೇಜು ಅರ್ಧಕ್ಕೇ ನಿಂತಿತಂತೆ. ಕೊರಿಯರ್ ಆಫೀಸಿನವರು ಪಾರ್ಸೆಲ್ ಅದಲುಬದಲಾಯಿತೆಂದು ಬಿಡಿಸಿದರಂತೆ. ಲಾಂಡ್ರಿಯಲ್ಲಿ ಕೈಜೋಡಿಸಲು ಬಂದವಳು ಇಸ್ತ್ರಿಪೆಟ್ಟಿಗೆಯನ್ನು ಯಾರದೋ ಕೋಟಿನ ಮೇಲೆ ಮರೆತದ್ದಂತೂ ಸುಟ್ಟ ವಾಸನೆಯ ಸಮೇತ ಮೇಲಕ್ಕೆ ಬಂತು. “ಸೋಮಾರಿ! ಮೈಮೇಲೆ ಜ್ಞಾನ ಬೇಡ್ವಾ?” ಎಂದು ತಾಯಿ ಕೂಗಾಡಿದ್ದು ಕೇಳಿ ಡಾಕ್ಟರು ಕಿಟಕಿ ಮುಚ್ಚಿದರು.

ವರ್ಷಗಳು ಕಳೆದು, ಬುಗುರಿ ತಾಯಿಯ ಮಂಡಿನೋವಿಗೆ ಗುಳಿಗೆ ಕೇಳಲು ಒಬ್ಬಳೇ ಮೇಲೆ ಬಂದಳು. ಈಗ ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್. ಉಗುರಿನ ಸಂದಿಯಲ್ಲಿ ಗ್ರೀಸು, ಮುಖದಲ್ಲಿ ಒಂದು ನೆಮ್ಮದಿ.

“ಚೆನ್ನಾಗಿ ಕಾಣ್ತಿದ್ದೀಯಮ್ಮ.”

“ದೊಡ್ಡಾಸ್ಪತ್ರೆಗೆ ಹೋದೆ ಡಾಕ್ಟ್ರೇ, ನಾನಾಗೇ. ಚಿಕ್ಕೋಳಾಗಿದ್ದಾಗ ಹೇಳಿದ್ದನ್ನೇ ಈಗ್ಲೂ ಹೇಳಿದ್ರು. ಮಾತ್ರೆ ತಗೋತಿದ್ದೀನಿ. ಮಾಯಾಮಂತ್ರ ಏನಲ್ಲ. ಹಸಿವು ಸತ್ತೋಯ್ತು, ಡೋಸು ಬದಲಾಯಿಸಿದ್ರು. ಆದ್ರೆ ಮೊದಲ್ನೇ ದಿನ ಕೂತು ಅತ್ತುಬಿಟ್ಟೆ. ಯಾರೋ ಬಂದು ಪಕ್ಕದ ರೂಮಿನ ರೇಡಿಯೋ ಆರಿಸಿದಂಗಾಯ್ತು. ಎಲ್ರಿಗೂ ಹೀಗೇ ಇರುತ್ತಾ, ನನಗೊಬ್ಬಳಿಗೇ ಇರ್ಲಿಲ್ವಾ ಅನ್ನಿಸ್ತು.”

ಡಾಕ್ಟರು ಕೈಯಲ್ಲಿದ್ದ ಸೀಸೆಯನ್ನು ಕೆಳಗಿಟ್ಟರು. “ನನ್ನ ಮೇಲೆ ಸಿಟ್ಟಿದೆಯಾ?”

ಅವಳು ಸ್ವಲ್ಪ ಯೋಚಿಸಿದಳು. “ನನ್ನ ಮಾತನ್ನ ನಿಮ್ಮಷ್ಟು ಯಾರೂ ಕೇಳಿಸ್ಕೊಂಡಿಲ್ಲ. ಮಿಕ್ಕೋರೆಲ್ಲ ಬರೀ ಬೈತಿದ್ರು. ಅದಕ್ಕೇ ಬೇಜಾರು ಡಾಕ್ಟ್ರೇ. ನಿಮಗೆ ಎಲ್ಲಾ ಹೇಳಿದ್ದೆ.”

ಬೈದಿದ್ದರೆ ಅವರು ತಡೆದುಕೊಳ್ಳುತ್ತಿದ್ದರು. ಅಂದು ಗುಳಿಗೆ ಕಟ್ಟಲಿಲ್ಲ. ಮಂಡಿಗೆ ಎಕ್ಸ್-ರೇ ತೆಗೆಸಲು ಹೇಳಿ ಕಳಿಸಿದರು.

ಮುಂದಿನ ಸಭೆಯಲ್ಲಿ ಅವರು ಎದ್ದು ನಿಂತು, ಹಿಂದೆ ತಾವು ಹೇಳಿದ ಕೇಸು ವಾಸಿಯಾಗಿರಲಿಲ್ಲ, ಹುಡುಗಿ ಚಡಪಡಿಕೆಯನ್ನು ಅಡಗಿಸಿಕೊಳ್ಳುವುದನ್ನು ಕಲಿತಿದ್ದಳು ಅಷ್ಟೇ ಎಂದರು. “ಒಂದು ಕೇಸಿಗೆ ಇಷ್ಟೊಂದು ತಲೆ ಕೆಡಿಸ್ಕೋಬೇಡಿ ಸಾರ್,” ಎಂದು ಪಕ್ಕದವರು ಅಂಗಿ ಜಗ್ಗಿ ಕೂರಿಸಿದರು. ಅಲ್ಲಿಂದೀಚೆಗೆ ಯಾರೇ ಇಂಥ ಮಗುವನ್ನು ಕರೆತರಲಿ, ಡಾಕ್ಟರು ಮೊದಲು ದೊಡ್ಡಾಸ್ಪತ್ರೆಯ ದಾರಿ ತೋರಿಸುತ್ತಾರೆ. ಕೆಲವರು ಹೋಗುತ್ತಾರೆ. ಕೆಲವರು ಮುನಿಸಿಕೊಂಡು ಹಿಂದಿನ ಬೀದಿಯ ಇನ್ನೊಬ್ಬ ಗುಳಿಗೆಯವರನ್ನು ಹುಡುಕಿಕೊಳ್ಳುತ್ತಾರೆ.

ಒಂದು ಮಧ್ಯಾಹ್ನ ಧೈರ್ಯ ಮಾಡಿ ಕೆಳಗಿಳಿದು ಲಾಂಡ್ರಿಯಲ್ಲಿ ಬುಗುರಿಯ ತಾಯಿಯ ಎದುರು ನಿಂತರು. “ಅವತ್ತು ನಾನು ಬೇಡ ಅನ್ನಬಾರದಿತ್ತಮ್ಮ.”

ಅವಳು ಅಂಗಿಯ ತೋಳು ಮಡಿಸುತ್ತಲೇ ಇದ್ದಳು. “ಬೇಡ ಅನ್ನಿಸ್ಕೊಳ್ಳೋಕೇ ಅಲ್ವಾ ನಾನು ನಿಮ್ಮ ಹತ್ರ ಬಂದಿದ್ದು? ಮೂರು ಕಡೆ ಕೇಳಿದ್ದೆ. ಬೇಡ ಅಂದೋರು ನೀವೊಬ್ರೇ.” ತಡೆದು ಹೇಳಿದಳು, “ಸೋಮಾರಿ ಸೋಮಾರಿ ಅಂತ ಬಾಯಿಗೆ ಬಂದಂಗೆ ಅಂದೆನಲ್ಲ ಡಾಕ್ಟ್ರೇ, ಅದನ್ನ ಎಲ್ಲಿಗೆ ಹೋಗಿ ವಾಪಸ್ ತಗೊಳ್ಳಲಿ?”

ಅಷ್ಟರಲ್ಲಿ ಗಿರಾಕಿಯೊಬ್ಬ ಪ್ಯಾಂಟು ಕೇಳಿಕೊಂಡು ಬಂದ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು.