ಇನ್ನು ನೀವು ಬನ್ನಿ

ಮೈಮೇಲೆ ಬಂತು, ಏನೋ ಸೋಂಕಿತು ಎನ್ನುವ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನು ಹೈಸ್ಕೂಲಿನಲ್ಲಿ ಆಟ ಕಲಿಸುವ ಟೀಚರು. ಮೈದಾನದಲ್ಲಿ ತಲೆ ತಿರುಗಿ ಬಿದ್ದ ಹುಡುಗಿಯ ಅಮ್ಮ ಬಂದು ನೂಲು ಕಟ್ಟಿಸುವ ಮಾತಾಡಿದರೆ, ಮೊದಲು ಮಗುವಿಗೆ ಬೆಳಿಗ್ಗೆ ಏನಾದರೂ ತಿನ್ನಿಸಿ ಕಳಿಸಿ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುತ್ತಿದ್ದೆ. ದೈವಕ್ಕೆ ಕೈ ಮುಗಿಯುತ್ತೇನೆ, ಭೂತದ ಕೋಲ ನೋಡಲು ಹೋಗುತ್ತೇನೆ, ಅದು ಬೇರೆ ವಿಷಯ. ಆದರೆ ಮೂಡುಬಿದಿರೆಯ ನನ್ನ ತವರಿನಲ್ಲಿ ಅಮ್ಮ ನಡುಮಧ್ಯಾಹ್ನ ಗುಡ್ಡೆಗೆ ಹೋಗಬೇಡಿ ಎಂದಾಗಲೆಲ್ಲ ಬೇಕೆಂದೇ ಹೋಗಿ ಬಂದವಳು ನಾನು. ಹೆದರಿಕೆಯ ಕತೆ ಎಂದರೆ ಎಲ್ಲರಿಗೂ ರಾತ್ರಿಯೇ ಆಗಬೇಕು. ನಮ್ಮ ಊರಿನ ಹಿರಿಯರಿಗೆ ಮಾತ್ರ ರಾತ್ರಿಯಷ್ಟೇ ಮಧ್ಯಾಹ್ನದ ಭಯವೂ ಇತ್ತು. ನನ್ನ ಅನುಭವ ಹಾಡಹಗಲಿನದು. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಎಡಗೈ ಮೇಲಿನ ಹೊಲಿಗೆಯ ಗುರುತು ಇಲ್ಲದಿದ್ದರೆ ನಾನೂ ಇಷ್ಟರಲ್ಲಿ ಅದನ್ನು ಕನಸು ಎಂದುಬಿಡುತ್ತಿದ್ದೆನೋ ಏನೋ.

ನನ್ನ ಗಂಡ ದಿನೇಶ ಮಸ್ಕತ್ತಿನಲ್ಲಿ ಹೋಟೆಲು ಕೆಲಸ ಮಾಡಿ ಬಂಟ್ವಾಳಕ್ಕೆ ವಾಪಸು ಬಂದವರು. ಅವರ ಸ್ವಭಾವವನ್ನು ಮೊದಲೇ ಹೇಳಬೇಕು. ಸೊಳ್ಳೆ ಕಚ್ಚಿದರೂ ಹೊಡೆಯದೆ ಊದಿ ಓಡಿಸುವ ಜನ. ನಮ್ಮ ಮನೆಯಲ್ಲಿ ಜಗಳಕ್ಕೆ ನಾನು, ಸಮಾಧಾನಕ್ಕೆ ಅವರು. ಊರಿಗೆ ಬಂದ ಮೇಲೆ ಅವರಿಗೆ ಸೈಕಲಿನ ಹುಚ್ಚು ಹಿಡಿಯಿತು. ಚೀಲ, ಟೆಂಟು, ಒಲೆ ಎಲ್ಲ ಹೇರಿಕೊಂಡು ದಿನಗಟ್ಟಲೆ ಊರೂರು ಸುತ್ತುವ ಸೈಕಲು. ನನ್ನನ್ನೂ ಎಳೆದರು. ಕಬಡ್ಡಿ ಆಡಿದ ಕಾಲು, ನಾನೂ ಹಿಂದೆ ಬೀಳಲಿಲ್ಲ. ಸಾಮಾನು ಕೊಳ್ಳುವ ಹುಚ್ಚು ಅವರದು, ಸ್ಪ್ಯಾನರ್ ಹಿಡಿಯುವ ಕೆಲಸ ನನ್ನದು.

ಈ ಸೈಕಲ್ ಯಾತ್ರಿಕರಿಗೆ ಒಂದು ವಿಚಿತ್ರ ಕಾಯಿಲೆ ಉಂಟು, ಭಾರ ಇಳಿಸುವ ಕಾಯಿಲೆ. ಗುಡ್ಡ ಹತ್ತುವಾಗ ಪ್ರತಿಯೊಂದು ಗ್ರಾಮೂ ತೊಡೆಯನ್ನು ಹಿಂಡುತ್ತದಲ್ಲ, ಹಾಗಾಗಿ. ನಮ್ಮವರು ಹಲ್ಲುಜ್ಜುವ ಬ್ರಶ್ಶಿನ ಹಿಡಿಯನ್ನು ಗರಗಸದಲ್ಲಿ ಅರ್ಧ ಕತ್ತರಿಸಿದ್ದರು. ಇಬ್ಬರಿಗೆ ಒಂದೇ ಚಮಚ. ಟೆಂಟಿನ ಗೂಟ ಹೊಡೆಯುವ ಸಣ್ಣ ಸುತ್ತಿಗೆಯನ್ನು ಹೊರಡುವ ಮುನ್ನಾದಿನ ಚೀಲದಿಂದ ತೆಗೆದು ಬದಿಗಿಟ್ಟರು. ಕಲ್ಲು ಎಲ್ಲಿ ಬೇಕಾದರೂ ಸಿಗುತ್ತದೆ, ಅದನ್ನು ಯಾಕೆ ಹೊರುವುದು ಎಂದರು. ಅದೇ ಮನುಷ್ಯ ಎಳನೀರಿನ ಬೊಂಡ ಕೆತ್ತುವ ಕತ್ತಿಯನ್ನು ಮಾತ್ರ ಬಿಡಲಿಲ್ಲ. ಕತ್ತಿ ಇಲ್ಲದೆ ಗುಡ್ಡದ ಕಡೆ ಹೋಗುವ ಗಂಡಸು ನಮ್ಮ ಕಡೆ ಇಲ್ಲವೇನೋ. ನಾನು ಚೆನ್ನಾಗಿ ತಮಾಷೆ ಮಾಡಿದ್ದೆ.

ನನ್ನ ಸೈಕಲು ಹೊಸದಲ್ಲ. ಮಂಗಳೂರಿನ ಪರಿಚಯದವರೊಬ್ಬರು ಓಡಿಸಿ ಬಿಟ್ಟದ್ದು, ಗಟ್ಟಿ ಉಕ್ಕಿನ ಗಾಡಿ. ಹೊರಡುವ ಹಿಂದಿನ ವಾರ ಅಂಗಳದಲ್ಲಿ ಮಲಗಿಸಿ ಚಕ್ರ, ಬ್ರೇಕು, ಚೈನು ಎಲ್ಲ ಬಿಚ್ಚಿ ಒರೆಸಿ ಗ್ರೀಸು ಹಾಕಿ, ಏನೂ ತೊಂದರೆ ಇಲ್ಲ ಎಂದು ನಾನೇ ಹೇಳಿದ್ದೆ.

ಬೇಸಿಗೆ ರಜೆ. ಚಾರ್ಮಾಡಿ ಹತ್ತಿ, ಘಟ್ಟದ ಮೇಲೆ ಸುತ್ತಿ, ಕೊನೆಗೆ ಆಗುಂಬೆಯಲ್ಲಿ ಇಳಿದು ಮನೆಗೆ ಬರುವುದು ಎಂದು ಲೆಕ್ಕ ಹಾಕಿದ್ದೆವು. ಬಿಸಿಲೇರುವ ಮೊದಲೇ ಬಂಟ್ವಾಳ ಬಿಟ್ಟರೂ ಭಾರದ ಗಾಡಿ, ಪುಂಜಾಲಕಟ್ಟೆ ದಾಟುವಾಗ ನೆತ್ತಿ ಸುಡುತ್ತಿತ್ತು. ಮುಂದೆ ಎಲ್ಲೋ ಒಂದು ಮಣ್ಣಿನ ದಾರಿ ಕಂಡಿತು. ಸಂಜೆಗೆ ಬೆಳ್ತಂಗಡಿ ಮುಟ್ಟಿದರೆ ಸಾಕು, ಬಿಸಿಲು ಇಳಿಯುವವರೆಗೆ ಮಲಗುವ ಎಂದರು ದಿನೇಶ. ಒಂದು ಬದಿ ರಬ್ಬರು ತೋಟ, ಇನ್ನೊಂದು ಬದಿ ಬೋಳು ಕೆಂಪು ಮುರಕಲ್ಲಿನ ಗುಡ್ಡೆ, ಅದರ ಅಂಚಿಗೆ ಒಂದು ಪಾಲೆ ಮರ, ಆಟಿ ಅಮಾವಾಸ್ಯೆಯಂದು ಕಷಾಯಕ್ಕೆ ತೊಗಟೆ ತೆಗೆಯುತ್ತಾರಲ್ಲ, ಅದೇ. ಮರದ ನೆರಳು ಸಾಲದೆಂದು ತೆಳುವಾದ ಟಾರ್ಪಾಲಿನ ಒಂದು ಅಂಚನ್ನು ಕಾಂಡಕ್ಕೆ ಕಟ್ಟಿ, ಇನ್ನೊಂದು ಅಂಚಿಗೆ ಗೂಟ ಹೊಡೆಯಲು ಹೊರಟರು. ನೆಲ ಕಬ್ಬಿಣದಂತಿತ್ತು. ಮರದ ಬುಡದಿಂದ ಒಂದು ಉರುಟು ಕಪ್ಪು ಕಲ್ಲು ಎತ್ತಿಕೊಂಡು ಬಂದು ಟಣ್ ಟಣ್ ಎಂದು ಹೊಡೆದು ಗೂಟ ಇಳಿಸಿದರು. ಅಷ್ಟು ಕೆಂಪು ನೆಲದಲ್ಲಿ ಕಪ್ಪು ಕಲ್ಲು ಎಲ್ಲಿಂದ ಬಂತು ಎಂದು ನನಗೆ ಆಗ ಅನ್ನಿಸಲಿಲ್ಲ.

ಕಟ್ಟಿಕೊಂಡು ಬಂದ ಅಕ್ಕಿಯ ಪುಂಡಿ ಕಡುಬು, ಚಟ್ನಿ ತಿಂದೆವು. ಅವರು ಚೀಲ ತಲೆಯಡಿಗೆ ಇಟ್ಟುಕೊಂಡು ಮಲಗಿ ಕೂಡಲೇ ಗೊರಕೆ ಹೊಡೆದರು. ನಾನು ನನ್ನ ಸೈಕಲಿನ ಚೈನಿಗೆ ಎಣ್ಣೆ ಬಿಡುತ್ತ ಕುಳಿತೆ. ಒಂದು ಹಕ್ಕಿಯ ಸದ್ದೂ ಇರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಗೊರಕೆ ನಿಂತಿತು. ತಿರುಗಿ ನೋಡಿದರೆ ಅವರು ನನ್ನ ಹಿಂದೆಯೇ ನಿಂತಿದ್ದಾರೆ. ಎದ್ದು ಬಂದ ಸಪ್ಪಳವೇ ನನಗೆ ಕೇಳಿರಲಿಲ್ಲ.

"ಸ್ವಲ್ಪ ಆಚೆ ನಿಲ್ಲಿ," ಎಂದರು.

ನಾವು ಮನೆಯಲ್ಲಿ ಆಡುವುದು ತುಳು. ಅವರು ನನ್ನನ್ನು ಕರೆಯುವುದು ನೀನು, ಮಾರಾಯ್ತಿ ಎಂದೇ. ಆ ಮಾತು ಮಾತ್ರ ಕನ್ನಡದಲ್ಲಿತ್ತು, ಗುರುತಿಲ್ಲದ ಹೆಂಗಸಿಗೆ ಹೇಳುವಷ್ಟು ಮರ್ಯಾದೆಯಲ್ಲಿತ್ತು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಕ್ಕೆ. ನಗು ಮುಗಿಯುವುದರೊಳಗೆ ನನ್ನನ್ನು ಬದಿಗೆ ದೂಡಿ, ಸೈಕಲನ್ನು ಎರಡು ಕೈಯಲ್ಲಿ ತಲೆಯ ಮೇಲಕ್ಕೆತ್ತಿ ಮುರಕಲ್ಲಿನ ಅಂಚಿಗೆ ಅಪ್ಪಳಿಸಿದರು.

ಅವರಿಗೆ ಸೊಂಟ ನೋವು. ಗ್ಯಾಸಿನ ಸಿಲಿಂಡರನ್ನು ಒಳಗೆ ತರುವುದೂ ನಾನೇ. ಆ ಮನುಷ್ಯ ಉಕ್ಕಿನ ಸೈಕಲನ್ನು ಅಗಸರು ಬಟ್ಟೆ ಒಗೆಯುವ ಹಾಗೆ ಎತ್ತಿ ಎತ್ತಿ ಬಡಿದರು. ಹ್ಯಾಂಡಲ್ ಸೊಟ್ಟಗಾಯಿತು, ಪೆಡಲ್ ಹಾರಿ ಹೋಯಿತು, ಕಲ್ಲಿನಿಂದ ಕೆಂಪು ಪುಡಿ ಎದ್ದು ಕಣ್ಣಿಗೆ ಬಿತ್ತು. ಹೋಯ್, ಎಂತ ಮಾಡ್ತೀರಿ, ತಲೆ ಕೆಟ್ಟಿದೆಯಾ ಎಂದು ಕಿರುಚಿ ಬೆನ್ನಿಗೆ ಗುದ್ದಿದೆ. ತಿರುಗಿಯೂ ನೋಡಲಿಲ್ಲ. ಉಸಿರು ಏರಿರಲಿಲ್ಲ, ಮುಖದಲ್ಲಿ ಕೋಪ ಇರಲಿಲ್ಲ, ನನ್ನನ್ನು ಹೆದರಿಸಿದ್ದು ಅದೇ. ಬೈದು, ಕೂಗಾಡಿ ಒಡೆದಿದ್ದರೆ ನನಗೆ ಅರ್ಥವಾಗುತ್ತಿತ್ತು. ಕೊನೆಗೆ ಮುಂದಿನ ಚಕ್ರ, ಅದನ್ನು ಹಿಡಿದಿರುವ ಕವಲು ಫೋರ್ಕಿನ ಸಮೇತ ಕಿತ್ತು ಬಂದು ನನ್ನ ಕಾಲ ಬಳಿ ಬಿತ್ತು. ಅಲ್ಲಿಗೆ ನಿಲ್ಲಿಸಿದರು. ಉಳಿದದ್ದನ್ನು ಮೆಲ್ಲ ನೆಲಕ್ಕಿಟ್ಟು, ಅಂಗೈ ಒರೆಸಿಕೊಂಡು, ಚೀಲದ ಬದಿಯಿಂದ ಕತ್ತಿ ಎಳೆದರು.

"ಇನ್ನು ನೀವು ಬನ್ನಿ."

ಆಸ್ಪತ್ರೆಯಲ್ಲಿ ಮುಂದಿನವರನ್ನು ಒಳಗೆ ಕರೆಯುತ್ತಾರಲ್ಲ, ಅದೇ ದನಿ. ಈಗಲೂ ಆಸ್ಪತ್ರೆಯಲ್ಲಿ ಹಾಗೆ ಕರೆದರೆ ನಾನು ಎದ್ದು ಹೊರಗೆ ಬಂದುಬಿಡುತ್ತೇನೆ.

ಓಡಬೇಕಿತ್ತು. ಓಡಲಿಲ್ಲ. ಕಾಲ ಬಳಿ ಬಿದ್ದಿದ್ದ ಚಕ್ರವನ್ನು ಎತ್ತಿ ಮೈಗೆ ಅಡ್ಡ ಹಿಡಿದೆ. ಮೊದಲ ಏಟು ಟೈರಿನ ಮೇಲೆ ಬಿತ್ತು. ಎರಡನೆಯದು ಕಡ್ಡಿಗಳ ನಡುವೆ ತೂರಿ ನನ್ನ ಎಡಗೈಯನ್ನು ಸೀಳಿತು. ಎರಡೂ ಏಟು ಒಂದೇ ಜಾಗಕ್ಕೆ ಗುರಿಯಿಟ್ಟದ್ದು, ಎಡಬದಿಯ ಪಕ್ಕೆಲುಬಿನ ಕೆಳಗೆ. ಕೊಲ್ಲುವವನಿಗೆ ಕುತ್ತಿಗೆ, ತಲೆ ಎಲ್ಲ ತೆರೆದೇ ಇತ್ತು. ಕತ್ತಿ ಕಡ್ಡಿಗಳಲ್ಲಿ ಸಿಕ್ಕಿಕೊಂಡಾಗ ಚಕ್ರವನ್ನು ಇದ್ದ ಬಲವೆಲ್ಲ ಹಾಕಿ ತಿರುಚಿದೆ. ಕತ್ತಿ ಅವರ ಕೈ ಬಿಟ್ಟಿತು. ಆಮೇಲೆ ನಾನು ಮಾಡಿದ್ದನ್ನು ಹೇಳಲು ನನಗೆ ನಾಚಿಕೆಯಿಲ್ಲ. ಅದೇ ಚಕ್ರವನ್ನು ಬೀಸಿ ಅವರ ಹೆಗಲಿಗೆ ಹೊಡೆದೆ. ಬಗ್ಗಿದರು, ಇನ್ನೊಮ್ಮೆ ಹೊಡೆದೆ. ಎಲುಬು ಮುರಿದ ಸದ್ದು ಕೇಳಿತು. ಬಿದ್ದ ಮೇಲೂ ಹೊಡೆಯುತ್ತಿದ್ದೆ. ಇಷ್ಟು ವರ್ಷ ಸಂಸಾರ ಮಾಡಿದ ಗಂಡನ ಮುಖ ಕಂಡರೂ ನನ್ನ ಕೈ ನಿಲ್ಲಲಿಲ್ಲ.

ಅವರು ಕಣ್ಣು ಬಿಟ್ಟು ನನ್ನನ್ನು ನೋಡಿದರು. ಈ ಸಲ ತುಳುವಿನಲ್ಲಿ, ಸಣ್ಣ ದನಿಯಲ್ಲಿ, ನಿದ್ದೆಯಿಂದ ಎಬ್ಬಿಸಿದವರ ಹಾಗೆ ಕೇಳಿದರು:

"ಎಂತಾಯ್ತು ಮಾರಾಯ್ತಿ? ನಿನ್ನ ಕೈಯಲ್ಲಿ ರಕ್ತ ಉಂಟಲ್ಲ."

ನಾನು ಅಲ್ಲೇ ಕುಸಿದು ಗೋಳೋ ಎಂದು ಅತ್ತುಬಿಟ್ಟೆ.

ಬೀಡಿ ಕಟ್ಟುವ ಹೆಂಗಸೊಬ್ಬರು ಕಟ್ಟಿದ ಬೀಡಿಯ ಬುಟ್ಟಿ ಹಿಡಿದುಕೊಂಡು ಆ ದಾರಿಯಲ್ಲಿ ಬಂದದ್ದು ನಮ್ಮ ಪುಣ್ಯ. ಯಾರು ಹೊಡೆದದ್ದು ಎಂದು ಕೇಳಿದರು. ಸೈಕಲಿನಿಂದ ಬಿದ್ದೆವು ಎಂದೆ. ಅವರು ನಂಬಲಿಲ್ಲ, ಮತ್ತೆ ಕೇಳಲೂ ಇಲ್ಲ. ತಮ್ಮ ಸೆರಗು ಹರಿದು ನನ್ನ ಕೈಗೆ ಕಟ್ಟಿ, ಫೋನು ಮಾಡಿ ರಿಕ್ಷಾ ಕರೆಸಿದರು. ರಿಕ್ಷಾ ಬರುವವರೆಗೆ ನಮ್ಮ ಸಾಮಾನನ್ನು ಒಟ್ಟು ಮಾಡುತ್ತಿದ್ದವರು ಗೂಟದ ಬಳಿ ಬಂದು ನಿಂತುಬಿಟ್ಟರು. ಆ ಕಪ್ಪು ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ, ಮರದ ಬುಡದಲ್ಲಿಟ್ಟು, ಕೈ ಮುಗಿದರು. ಗುಳಿಗ ದೈವದ ಕಲ್ಲಾ ಎಂದು ಕೇಳಿದೆ. ನೀರು ಕುಡಿಯಿರಿ ಎಂದರು.

ಅತ್ತೆಗೆ ಹೇಗೋ ಗೊತ್ತಾಗಿ ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸಿದರು. ಕಲ್ಲಿಗೆ ಅಪಚಾರವಾಗಿದೆ ಎಂದು ಬಂತು. ತಪ್ಪು ಕಾಣಿಕೆ ಒಪ್ಪಿಸಿದೆವು. ಮಂಗಳೂರಿನ ಮನೋರೋಗದ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಬಿಸಿಲಿನ ಆಘಾತ, ನಿದ್ದೆ ಎಚ್ಚರಗಳ ನಡುವಿನ ಸ್ಥಿತಿ, ಹೀಗೆ ಅಪರೂಪಕ್ಕೆ ಆಗುವುದುಂಟು ಎಂದರು. ಅವರ ಮಾತು ನನಗೆ ಇಷ್ಟವಾಯಿತು. ಹಿಡಿದುಕೊಳ್ಳಲು ಗಟ್ಟಿ ಕಾರಣವೊಂದು ಸಿಕ್ಕಿತು ಎಂದುಕೊಂಡೆ. ದಿನೇಶರಿಗೆ ಮಲಗಿದ್ದು ನೆನಪಿದೆ, ನನ್ನ ಕೈಯ ರಕ್ತ ನೆನಪಿದೆ, ನಡುವಿನದು ಏನೂ ಇಲ್ಲ. ಹೆಗಲಿನ ಎಲುಬು ಕೂಡಿತು. ಅಂದಿನಿಂದ ಅವರು ಕತ್ತಿ ಮುಟ್ಟಿಲ್ಲ. ಹಲಸಿನ ಹಣ್ಣು ಬಂದರೆ ಅಂಗಳದಿಂದ ಆಚೆ ಹೋಗಿ ನಿಲ್ಲುತ್ತಾರೆ. ಒಂದು ದಿನ ಏನೂ ಮಾತಿಲ್ಲದಾಗ, ನನ್ನ ಜೊತೆ ಒಂದೇ ಮನೆಯಲ್ಲಿ ಮಲಗಲು ನಿನಗೆ ಹೆದರಿಕೆ ಆಗುವುದಿಲ್ಲವಾ ಎಂದು ಕೇಳಿದರು. ಇಲ್ಲ ಎಂದೆ. ಸುಳ್ಳು ಹೇಳಿದ್ದೆ.

ಅಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಕೈಯ ಹೊಲಿಗೆ ಬಿಚ್ಚಿದ ಮೇಲೆ, ಯಾರೋ ಪಿಕಪ್ಪಿನಲ್ಲಿ ತಂದು ಮನೆಯ ಕೊಟ್ಟಿಗೆಗೆ ಹಾಕಿದ್ದ ಸೈಕಲಿನ ಚೂರುಗಳನ್ನು ಗುಜರಿಗೆ ಕೊಡಲು ಹೊರಟೆ. ಫೋರ್ಕು ಎತ್ತಿ ಅದು ಮುರಿದ ಜಾಗ ನೋಡಿದೆ. ಹ್ಯಾಂಡಲಿನ ಕೆಳಗೆ, ಚೌಕಟ್ಟಿನ ಕೊಳವೆಯ ಒಳಗೆ ಅಡಗಿರುವ ಭಾಗ ಅದು, ಹೊರಗಿನಿಂದ ಯಾರಿಗೂ ಕಾಣುವುದಿಲ್ಲ. ಮುರಿದ ಅಂಚು ಮುಕ್ಕಾಲು ಸುತ್ತು ಕಪ್ಪಾಗಿ ತುಕ್ಕು ಹಿಡಿದಿತ್ತು. ಉಳಿದ ಸ್ವಲ್ಪವೇ ಸ್ವಲ್ಪ ಜಾಗದಲ್ಲಿ ಹೊಸದಾಗಿ ಮುರಿದ ಲೋಹ ಬೆಳ್ಳಗೆ ಹೊಳೆಯುತ್ತಿತ್ತು. ಸ್ಪ್ಯಾನರ್ ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಬಿರುಕು ಅಂದಿನ ಬಡಿತದಿಂದ ಆದದ್ದಲ್ಲ. ಎಷ್ಟೋ ಕಾಲದಿಂದ ಒಳಗೊಳಗೇ ಬೆಳೆಯುತ್ತ ಬಂದು, ಕೂದಲೆಳೆಯಷ್ಟು ಉಳಿದಿತ್ತು. ಆ ಗಾಡಿಯನ್ನು ಭಾರ ಹೇರಿಕೊಂಡು ಆಗುಂಬೆಯ ತಿರುವುಗಳಲ್ಲಿ ಇಳಿಸಿದ್ದರೆ ಚಕ್ರ ಒಂದು ಕಡೆ, ನಾನು ಒಂದು ಕಡೆ ಆಗುತ್ತಿದ್ದೆ. ಫೋರ್ಕು ಹಿಡಿದುಕೊಂಡೇ ಅತ್ತೆ. ನಾನು ಆಗ ಅತ್ತದ್ದು ಸಂತೋಷಕ್ಕೆ ಎಂದೇ ಇಟ್ಟುಕೊಳ್ಳಿ.

ಅವರಿಗೆ ತೋರಿಸಿದೆ. ಅವರ ಮುಖ ಅರಳಿದ್ದನ್ನು ಆ ಮಧ್ಯಾಹ್ನದ ಮೇಲೆ ಮೊದಲ ಸಲ ನೋಡಿದೆ. ಹಾಗಾದರೆ ನಿನ್ನನ್ನು ಉಳಿಸಲಿಕ್ಕೇ ಆದದ್ದು ಅಲ್ಲವಾ ಎಂದರು. ಹೌದು ಎಂದೆ. ಅವರು ಅಂದು ರಾತ್ರಿ ಒಳ್ಳೆಯ ನಿದ್ದೆ ಮಾಡಿದರು. ನನಗೆ ನಿದ್ದೆ ಬರಲಿಲ್ಲ.

ಬಿಸಿಲಿಗೆ ಕೊಳವೆಯೊಳಗಿನ ಬಿರುಕು ಹೇಗೆ ಗೊತ್ತಾಗುತ್ತದೆ? ಕಲ್ಲಿಗೆ ಸಿಟ್ಟು ಬಂದಿದ್ದರೆ ನನ್ನನ್ನು ಉಳಿಸುವ ದರ್ದು ಅದಕ್ಕೇನು? ಸರಿ, ಯಾವುದೋ ಒಂದು ಕಂಡಿತು, ಒಡೆಯಿತು, ಉಳಿಸಿತು ಎಂದೇ ಇಟ್ಟುಕೊಳ್ಳುವ. ಎರಡು ಸೈಕಲು ಒಟ್ಟಿಗೆ ಇದ್ದವು. ಅವರ ಸೈಕಲನ್ನು ಮುಟ್ಟಲಿಲ್ಲ, ಅದರಲ್ಲಿ ದೋಷ ಇರಲಿಲ್ಲ. ಒಳಗೆ ಬಿರುಕು ಇದ್ದದ್ದನ್ನೇ ಆರಿಸಿ, ಬಿರುಕು ಹೊರಗೆ ಬರುವವರೆಗೆ ಬಡಿದು, ಕೈ ಒರೆಸಿಕೊಂಡಿತು. ಆಮೇಲೆ ನನ್ನ ಕಡೆ ತಿರುಗಿ, ಇನ್ನು ನೀವು ಬನ್ನಿ ಎಂದಿತು.

ಎಡಬದಿಯ ಪಕ್ಕೆಲುಬಿನ ಕೆಳಗೆ ನನಗೆ ನೋವಿಲ್ಲ. ಆದರೂ ಗಂಡನಿಗೆ ತಿಳಿಸದೆ ಮಂಗಳೂರಿಗೆ ಹೋಗಿ ಸ್ಕ್ಯಾನು, ರಕ್ತ ಪರೀಕ್ಷೆ ಎಲ್ಲ ಮಾಡಿಸಿದೆ. ಡಾಕ್ಟರು ಚಿತ್ರಗಳನ್ನು ಬೆಳಕಿಗೆ ಹಿಡಿದು ನೋಡಿ, ಏನೂ ತೊಂದರೆ ಇಲ್ಲ ಎಂದು ನಕ್ಕರು. ಆ ಸೈಕಲನ್ನು ಅಂಗಳದಲ್ಲಿ ಮಲಗಿಸಿ ನೋಡಿ ನಾನೂ ಹಾಗೆಯೇ ಹೇಳಿದ್ದೆ.